‘ಸರ್ವರ್ ಬ್ಯುಸಿ’ ಅಂದರೆ ಯಾರನ್ನು ಕೇಳಬೇಕು? ತಂತ್ರಾಂಶದ ವೇಗ ಕಾಯುವ ತಂಡದ ಸುತ್ತ

2025ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಂದರಂತೆ ಮೂರು ನಿಯಮಗಳು ಬಂದವು. ಜುಲೈ 1ರಿಂದ ತತ್ಕಾಲ್ ರೈಲು ಟಿಕೆಟನ್ನು ಆನ್‌ಲೈನ್‌ನಲ್ಲಿ ಪಡೆಯಲು ಆಧಾರ್ ದೃಢೀಕರಣ ಕಡ್ಡಾಯವಾಯಿತು. ಆಗಸ್ಟ್ 1ರಿಂದ ಒಂದು ಯುಪಿಐ ಆ್ಯಪ್‌ನಲ್ಲಿ ದಿನಕ್ಕೆ 50 ಸಲಕ್ಕಿಂತ ಹೆಚ್ಚು ಬ್ಯಾಲೆನ್ಸ್ ನೋಡುವಂತಿಲ್ಲ ಎಂದಾಯಿತು. ಸೆಪ್ಟೆಂಬರ್ 1ರಿಂದ ಮುಳ್ಳಯ್ಯನಗಿರಿ ಕಡೆಗೆ ಹೋಗುವ ವಾಹನಗಳು ಆನ್‌ಲೈನ್‌ನಲ್ಲಿ ಮೊದಲೇ ಕಾಯ್ದಿರಿಸಬೇಕಾಯಿತು; ಬೆಳಗಿನ ಸರದಿಗೆ 600, ಮಧ್ಯಾಹ್ನದ ಸರದಿಗೆ 600.

ಮೂರನೆಯದು ಚಿಕ್ಕಮಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಗಿರಿಯ ರಸ್ತೆ ಎಷ್ಟು ಕಿರಿದು, ಮಳೆಗಾಲದಲ್ಲಿ ಅದರ ಪಾಡೇನು, ವಾರಾಂತ್ಯಕ್ಕೆ ಕೈಮರದ ಚೆಕ್‌ಪೋಸ್ಟ್‌ನಲ್ಲಿ ವಾಹನಗಳು ಹೇಗೆ ಸಾಲುಗಟ್ಟುತ್ತವೆ ಎನ್ನುವುದು ಎಲ್ಲರೂ ಕಂಡದ್ದೇ. ಗೊಂದಲ ಇರುವುದು ಮಿಕ್ಕ ಎರಡರಲ್ಲಿ. ಫೋನಿನೊಳಗೆ ಯಾವ ಘಾಟಿ ರಸ್ತೆ ಇದೆ? ನಮ್ಮ ಖಾತೆಯ ಬ್ಯಾಲೆನ್ಸನ್ನು ನಾವು 51ನೇ ಸಲ ನೋಡಿದರೆ ಸವೆಯುವುದಾದರೂ ಏನು?

ಮೂರೂ ನಿಯಮಗಳ ಬುಡ ಒಂದೇ. ಒಂದು ವ್ಯವಸ್ಥೆ ನಿಮಿಷಕ್ಕೆ ಎಷ್ಟು ಕೆಲಸ ತಾಳುತ್ತದೆ, ಎಲ್ಲಿ ಕಟ್ಟಿಕೊಳ್ಳುತ್ತದೆ, ತಾಳದಿದ್ದರೆ ಏನು ಮಾಡಬೇಕು ಎಂಬ ಲೆಕ್ಕ ಅದು. ತಂತ್ರಾಂಶದ ಲೋಕದಲ್ಲಿ ಈ ಲೆಕ್ಕಕ್ಕೆ ಪರ್ಫಾರ್ಮೆನ್ಸ್ ಎಂಜಿನಿಯರಿಂಗ್ ಎನ್ನುತ್ತಾರೆ. ಅದನ್ನು ನೋಡಿಕೊಳ್ಳಲು ಸಂಸ್ಥೆಯೊಳಗೆ ಬೇರೆ ತಂಡವೇ ಬೇಕೇ, ಬೇಕಿದ್ದರೆ ಅದು ಯಾರ ಕೈಕೆಳಗಿರಬೇಕು ಎಂಬುದು ಬೆಂಗಳೂರಿನ ಕಂಪನಿಗಳಿಗೆ ಹಳೆಯ ಜಗಳ. ಈಗ ಜಿಲ್ಲಾ ಕಚೇರಿ, ದೇವಸ್ಥಾನ, ಸಹಕಾರ ಸಂಘಗಳ ಬಾಗಿಲಿಗೂ ಅದು ಬಂದು ನಿಂತಿದೆ.

ಬ್ಯಾಲೆನ್ಸ್ ನೋಡಿದರೆ ಸವೆಯುವುದೇನು?

2025ರ ಮಾರ್ಚ್ 26, ಏಪ್ರಿಲ್ 2, ಏಪ್ರಿಲ್ 12ರಂದು ಯುಪಿಐ ದೇಶದಾದ್ಯಂತ ತಡವರಿಸಿತು. ಏಪ್ರಿಲ್ 12ರ ತೊಂದರೆಗೆ ಕೊಟ್ಟ ಕಾರಣ ಕುತೂಹಲದ್ದು. ಕೆಲವು ಬ್ಯಾಂಕುಗಳ ಕಂಪ್ಯೂಟರ್‌ಗಳು ‘ಆ ಹಣ ಹೋಯಿತೇ, ಹೋಯಿತೇ’ ಎಂದು ಹಳೆಯ ವಹಿವಾಟುಗಳ ಸ್ಥಿತಿಯನ್ನು ಮತ್ತೆ ಮತ್ತೆ ಕೇಳತೊಡಗಿದ್ದವು. ಹೊಸ ಪಾವತಿಗಳನ್ನು ನೋಡಬೇಕಿದ್ದ ವ್ಯವಸ್ಥೆ ಈ ವಿಚಾರಣೆಗಳಿಗೆ ಉತ್ತರ ಕೊಡುವುದರಲ್ಲೇ ಮುಳುಗಿಹೋಯಿತು.

ಇಲ್ಲಿ ಕಾರಣ ಮತ್ತು ಪರಿಣಾಮ ಒಂದರ ಬಾಲ ಒಂದು ಕಚ್ಚಿಕೊಂಡಿವೆ. ವ್ಯವಸ್ಥೆ ನಿಧಾನವಾದಾಗ ಉತ್ತರ ಬರುವುದಿಲ್ಲ. ಉತ್ತರ ಬರದಿದ್ದಾಗ ಕೇಳುವವರು ಮತ್ತೆ ಕೇಳುತ್ತಾರೆ, ಮತ್ತೆ ಕೇಳಿದ್ದರಿಂದ ವ್ಯವಸ್ಥೆ ಇನ್ನಷ್ಟು ನಿಧಾನವಾಗುತ್ತದೆ. ಮನುಷ್ಯರು ಬೆರಳಿನಲ್ಲಿ ರಿಫ್ರೆಶ್ ಒತ್ತಿದರೂ ಅಷ್ಟೇ, ಯಂತ್ರಗಳು ಸೆಕೆಂಡಿಗೆ ನೂರು ಸಲ ಕೇಳಿದರೂ ಅಷ್ಟೇ. ಯಂತ್ರಕ್ಕೆ ಬೇಸರ ಬರುವುದಿಲ್ಲ ಎನ್ನುವುದೊಂದೇ ವ್ಯತ್ಯಾಸ. ಅದಕ್ಕೇ ಆಗಸ್ಟ್‌ನ ನಿಯಮಗಳಲ್ಲಿ ಬ್ಯಾಲೆನ್ಸ್ ಮಿತಿಯ ಜೊತೆಗೆ ಇನ್ನೊಂದು ಸೇರಿತ್ತು: ಬಾಕಿ ಉಳಿದ ವಹಿವಾಟಿನ ಸ್ಥಿತಿ ಕೇಳುವುದಿದ್ದರೆ ಮೂರೇ ಸಲ, ನಡುವೆ 90 ಸೆಕೆಂಡ್ ಬಿಡುವು. ತಾನಾಗಿ ಕಡಿತವಾಗುವ ಕಂತುಗಳನ್ನೂ ದಟ್ಟಣೆಯ ಹೊತ್ತಿನಿಂದ ಆಚೆಗೆ ಸರಿಸಲಾಯಿತು. ಸುದ್ದಿಯಲ್ಲಿ ಮೆರೆದದ್ದು 50ರ ಮಿತಿ, ಹೆಚ್ಚು ಕೆಲಸ ಮಾಡುವುದು ಈ 90 ಸೆಕೆಂಡಿನ ಬಿಡುವು.

ನಲವತ್ತು ಕುರ್ಚಿಯ ಹೋಟೆಲ್

ಯಂತ್ರ ಬಿಟ್ಟು ಹೋಟೆಲಿಗೆ ಬರೋಣ. 40 ಕುರ್ಚಿಗಳಿವೆ, ಗಿರಾಕಿಯೊಬ್ಬ ಬಂದು ದೋಸೆ ತಿಂದು ಕಾಫಿ ಕುಡಿದು ಏಳಲು 20 ನಿಮಿಷ. ಹಾಗಾದರೆ ಆ ಹೋಟೆಲ್ ನಿಮಿಷಕ್ಕೆ ಇಬ್ಬರನ್ನು ತಾಳುತ್ತದೆ. ಎರಡು ಕಾವಲಿಗಳಲ್ಲಿ ಒಂದು ಕೆಟ್ಟಿತು ಎನ್ನಿ. ದೋಸೆ ತಡವಾಗಿ ಗಿರಾಕಿ 40 ನಿಮಿಷ ಕೂರುತ್ತಾನೆ. ಕುರ್ಚಿ ಅಷ್ಟೇ ಇದ್ದರೂ ಈಗ ನಿಮಿಷಕ್ಕೆ ಒಬ್ಬನೇ. ಬಾಗಿಲಲ್ಲಿ ಸಾಲು ಬೆಳೆಯುತ್ತದೆ.

ಸಾಲನ್ನಷ್ಟೇ ನೋಡಿದ ಮಾಲೀಕ ಕುರ್ಚಿ ಸಾಲದು ಎಂದು ಇನ್ನೂ 20 ತಂದು ಹಾಕುತ್ತಾನೆ. ಕಾವಲಿ ಒಂದೇ, ನಿಮಿಷಕ್ಕೆ ಬರುವ ದೋಸೆಯೂ ಒಂದೇ. ಈಗ 60 ಜನ ಒಳಗೆ ಕೂತು ತಲಾ ಒಂದು ಗಂಟೆ ಕಾಯುತ್ತಾರೆ. ಖರ್ಚು ಹೆಚ್ಚಿತು, ಕಾಯುವಿಕೆಯೂ ಹೆಚ್ಚಿತು, ತಿಂದು ಎದ್ದವರ ಸಂಖ್ಯೆ ಮಾತ್ರ ಇದ್ದಷ್ಟೇ. ಒಳಗಿರುವವರ ಸಂಖ್ಯೆ, ಬರುವವರ ವೇಗ, ಕೂರುವ ಸಮಯ ಈ ಮೂರರ ನಂಟನ್ನು ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಗಣಿತದ ಮೂಲಕ ಸಾಧಿಸಿದರು. ಲೋಡ್ ಟೆಸ್ಟ್, ಅಂದರೆ ತಂತ್ರಾಂಶದ ಮೇಲೆ ಬೇಕೆಂದೇ ಭಾರ ಹಾಕಿ ನೋಡುವ ಪರೀಕ್ಷೆ, ಮಾಡುವವರು ಇವತ್ತಿಗೂ ಮೊದಲು ಬಳಸುವುದು ಈ ಸೂತ್ರವನ್ನೇ. ಕುರ್ಚಿಯ ಜಾಗದಲ್ಲಿ ಡೇಟಾಬೇಸ್ ಕನೆಕ್ಷನ್, ಅಂದರೆ ದಾಖಲೆಗಳ ಉಗ್ರಾಣಕ್ಕೆ ತಂತ್ರಾಂಶ ಇಟ್ಟುಕೊಳ್ಳುವ ಸಂಪರ್ಕ, ಎಂದು ಓದಿಕೊಂಡರೆ ಮುಗಿಯಿತು.

ಇನ್ನೊಂದು ಲೆಕ್ಕ ಇದಕ್ಕಿಂತ ಮೋಸದ್ದು. ಕೌಂಟರ್‌ನಲ್ಲಿ ಒಬ್ಬ ಗುಮಾಸ್ತ, ಒಬ್ಬೊಬ್ಬರ ಕೆಲಸಕ್ಕೆ ಸರಾಸರಿ ಒಂದು ನಿಮಿಷ, ಜನ ಹೊತ್ತುಗೊತ್ತಿಲ್ಲದೆ ಬರುತ್ತಾರೆ. ಗುಮಾಸ್ತ ಅರ್ಧ ಹೊತ್ತು ಮಾತ್ರ ಬ್ಯುಸಿ ಇದ್ದರೆ ಬಂದವರು ಕೆಲಸ ಮುಗಿಸಿ ಹೋಗಲು ಸರಾಸರಿ 2 ನಿಮಿಷ. ಶೇ 80ರಷ್ಟು ಬ್ಯುಸಿಯಾದರೆ 5 ನಿಮಿಷ, ಶೇ 90 ಆದರೆ 10, ಶೇ 95 ಆದರೆ 20. ‘ಇನ್ನೂ ಶೇ 5 ಖಾಲಿ ಇದೆ ಸಾರ್’ ಎಂದು ನಿರ್ವಾಹಕ ಹೇಳುವ ಹೊತ್ತಿಗೆ ಹೊರಗೆ ಜನ ಬೈಯಲು ಶುರುಮಾಡಿರುತ್ತಾರೆ. ಬೆಳಿಗ್ಗೆ ಚೆನ್ನಾಗಿಯೇ ಇದ್ದ ಪೋರ್ಟಲ್ ಹನ್ನೊಂದು ಗಂಟೆಗೆ ಇದ್ದಕ್ಕಿದ್ದಂತೆ ಕುಸಿಯುವುದು ಹೀಗೆ.

ಸರ್ವರ್ ಹೆಚ್ಚಿಸಿದರೆ ಆಗದೇ?

ಮೊದಲ ವಾದ ಇದೇ: ಕ್ಲೌಡ್ ಇದೆ, ಬೇಕಾದಾಗ ಸರ್ವರ್ ಏರಿಸಿ, ಬೇಡವಾದಾಗ ಇಳಿಸಿ, ಇದಕ್ಕೊಂದು ತಂಡವೇಕೆ? ಅರ್ಧ ನಿಜ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಲಕ್ಷಾಂತರ ಮಕ್ಕಳು ನೋಡುವ ಅಂಕಗಳು ಆ ದಿನ ಬದಲಾಗುವುದಿಲ್ಲ. ನೂರು ಕಡೆ ನಕಲು ಇಟ್ಟು ಹಂಚಬಹುದು, ಸರ್ವರ್ ಹೆಚ್ಚಿಸಿದಷ್ಟೂ ಹಗುರ.

ಬುಕಿಂಗ್ ಹಾಗಲ್ಲ. ಗಿರಿಯ ಬುಕಿಂಗಿನಂಥದೊಂದು ವ್ಯವಸ್ಥೆಯನ್ನು ಊಹಿಸಿಕೊಳ್ಳಿ. ನೀವು ‘ಬುಕ್ ಮಾಡಿ’ ಒತ್ತಿದಾಗ ತಂತ್ರಾಂಶ ಡೇಟಾಬೇಸನ್ನು ಕೇಳುತ್ತದೆ: ಭಾನುವಾರ ಬೆಳಿಗ್ಗೆಯ 600ರಲ್ಲಿ ಎಷ್ಟು ಉಳಿದಿದೆ? ಅದೇ ಕ್ಷಣ ಇನ್ನೊಬ್ಬರೂ ಕೇಳಿ, ಇಬ್ಬರಿಗೂ ಒಂದೇ ಜಾಗ ಸಿಗಬಾರದಲ್ಲ. ಅದಕ್ಕಾಗಿ ಡೇಟಾಬೇಸ್‌ನಲ್ಲಿ ಆ ಲೆಕ್ಕ ಇರುವ ದಾಖಲೆಗೆ ಬೀಗ ಹಾಕುತ್ತದೆ, ಬೀಗ ತೆಗೆಯುವವರೆಗೆ ಉಳಿದವರು ಕಾಯಬೇಕು. ಬರೆದವರು ಆತುರದಲ್ಲಿ, ಹಣ ಪಾವತಿಯಾಗಿ ಒಟಿಪಿ ಬರುವವರೆಗೂ ಬೀಗ ತೆಗೆಯದಂತೆ ಬರೆದಿದ್ದಾರೆ ಎನ್ನಿ. ಒಟಿಪಿ ಬಂದು ಮುಗಿಯಲು 30 ಸೆಕೆಂಡ್. ಆಗ ನಿಮಿಷಕ್ಕೆ ಎರಡೇ ಬುಕಿಂಗ್, 600 ತುಂಬಲು ಐದು ಗಂಟೆ. ಹತ್ತು ಸರ್ವರ್ ಇಟ್ಟರೂ ಐದು ಗಂಟೆಯೇ, ನೂರು ಇಟ್ಟರೂ ಐದು ಗಂಟೆಯೇ. ಅದರ ಬದಲು ಜಾಗವನ್ನು ಹತ್ತು ನಿಮಿಷಕ್ಕೆಂದು ನಿಮ್ಮ ಹೆಸರಲ್ಲಿ ಬದಿಗಿಟ್ಟು, ಬೀಗವನ್ನು ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ತೆಗೆದು, ಪಾವತಿಯನ್ನು ಆಮೇಲೆ ನೋಡಿಕೊಂಡರೆ? ಸೆಕೆಂಡಿಗೆ 50 ಜನರಿಗೆ ಜಾಗ ಹಿಡಿದಿಡಬಹುದು. 600ಕ್ಕೆ 12 ಸೆಕೆಂಡ್ ಸಾಕು. ಬದಲಾದದ್ದು ನಾಲ್ಕಾರು ಸಾಲು ಕೋಡ್, ಸರ್ವರ್ ಒಂದೂ ಸೇರಿಲ್ಲ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ರೈಲು ಘಾಟಿ ಗೊತ್ತಿದ್ದವರಿಗೆ ಇದು ಬೇಗ ಹೊಳೆಯುತ್ತದೆ. ಸುಮಾರು 55 ಕಿಲೋಮೀಟರ್ ಒಂಟಿ ಹಳಿ, 57 ಸುರಂಗ, 50 ಅಡಿಗೆ ಒಂದಡಿಯ ಏರು. ಬೆಂಗಳೂರಿನಿಂದ ಹಾಸನದವರೆಗೆ ಎಷ್ಟೇ ರೈಲು ಓಡಿಸಿದರೂ ಮಂಗಳೂರಿಗೆ ಎಷ್ಟು ದಾಟಬಹುದು ಎಂದು ತೀರ್ಮಾನಿಸುವುದು ಆ ಘಾಟಿ. ತಂತ್ರಾಂಶದ ಘಾಟಿಗೆ ಬೋರ್ಡ್ ಇರುವುದಿಲ್ಲ, ಹುಡುಕಬೇಕು. ಪ್ರೊಸೆಸರ್ ಯಾವ ಕೆಲಸದಲ್ಲಿ ಎಷ್ಟು ಹೊತ್ತು ಕಳೆಯಿತು ಎಂದು ಬೆಂಕಿಯ ನಾಲಗೆಗಳಂತೆ ಚಿತ್ರಿಸಿ ತೋರಿಸುವ ಫ್ಲೇಮ್ ಗ್ರಾಫನ್ನು 2011ರಲ್ಲಿ ಬ್ರೆಂಡನ್ ಗ್ರೆಗ್ ರೂಪಿಸಿದ್ದು ಇಂಥ ಹುಡುಕಾಟಕ್ಕೇ. ಆದರೆ ಮೇಲೆ ಹೇಳಿದ ಬೀಗದ ತಪ್ಪಿನಲ್ಲಿ ಪ್ರೊಸೆಸರ್ ಕೆಲಸ ಮಾಡುತ್ತಲೇ ಇರುವುದಿಲ್ಲ, ಸುಮ್ಮನೆ ಕಾಯುತ್ತಿರುತ್ತದೆ. ಮಾಮೂಲಿ ಚಿತ್ರದಲ್ಲಿ ಅದು ಕಾಣುವುದೇ ಇಲ್ಲ. ಯಾವ ಉಪಕರಣ ಏನನ್ನು ತೋರಿಸುವುದಿಲ್ಲ ಎಂದು ತಿಳಿದವರು ಬೇಕಾಗುವುದು ಇಲ್ಲಿ.

ಸರಾಸರಿಯ ಆಟ

ವರದಿಗಳಲ್ಲಿ ‘ಸರಾಸರಿ ಪ್ರತಿಕ್ರಿಯೆ ಸಮಯ 3 ಸೆಕೆಂಡಿಗಿಂತ ಕಡಿಮೆ’ ಎಂದಿದ್ದರೆ ನಂಬಬೇಡಿ. 100 ಜನರಲ್ಲಿ 95 ಜನರಿಗೆ 1 ಸೆಕೆಂಡಿನಲ್ಲಿ, 5 ಜನರಿಗೆ 40 ಸೆಕೆಂಡಿನಲ್ಲಿ ಉತ್ತರ ಬಂದರೂ ಸರಾಸರಿ 2.95 ಸೆಕೆಂಡೇ. ಆ ಐವರಲ್ಲೊಬ್ಬರು ಖಾತೆಯಿಂದ ಹಣ ಹೋಗಿ, ಬುಕಿಂಗ್ ಸಂದೇಶ ಬರದೆ, ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಚೆಕ್‌ಪೋಸ್ಟ್‌ನಲ್ಲಿ ಫೋನ್ ತೋರಿಸುತ್ತಾ ನಿಂತಿರಬಹುದು. ತಿಳಿದ ತಂಡಗಳು ‘100ರಲ್ಲಿ 95 ಜನರಿಗೆ ಎಷ್ಟರೊಳಗೆ, 99 ಜನರಿಗೆ ಎಷ್ಟರೊಳಗೆ’ ಎಂದು ಕೇಳುತ್ತವೆ.

ಎಲ್ಲರ ಕೆಲಸ, ಯಾರ ಕೆಲಸವೂ ಅಲ್ಲ

ಇಷ್ಟೆಲ್ಲ ಗೊತ್ತಿದ್ದೂ ದೊಡ್ಡ ವ್ಯವಸ್ಥೆಗಳು ಮೊದಲ ದಿನವೇ ಏಕೆ ಬೀಳುತ್ತವೆ? ಅಮೆರಿಕದ ಆರೋಗ್ಯ ವಿಮೆಯ ಹೆಲ್ತ್‌ಕೇರ್ ಡಾಟ್ ಗವ್ ಜಾಲತಾಣ 2013ರ ಅಕ್ಟೋಬರ್ 1ರಂದು ಶುರುವಾಯಿತು. ಲಕ್ಷಗಟ್ಟಲೆ ಜನ ಮುಗಿಬಿದ್ದ ಆ ಮೊದಲ ದಿನ ನೋಂದಣಿ ಪೂರ್ತಿ ಮಾಡಲು ಸಾಧ್ಯವಾದದ್ದು 6 ಮಂದಿಗೆ. ಹಣದ ಕೊರತೆ ಇರಲಿಲ್ಲ, ಗುತ್ತಿಗೆ ಕಂಪನಿಗಳ ಕೊರತೆಯಂತೂ ಇರಲೇ ಇಲ್ಲ, ಹತ್ತಾರು ಇದ್ದವು. ಒಬ್ಬೊಬ್ಬರೂ ತಮ್ಮ ತುಂಡು ಸರಿ ಇದೆ ಎನ್ನುತ್ತಿದ್ದರು. ಎಲ್ಲ ತುಂಡುಗಳನ್ನೂ ಜೋಡಿಸಿ, ನಿಜವಾದ ಭಾರ ಹಾಕಿ ನೋಡುವ ಹೊಣೆ ಹೊತ್ತವರು ಇರಲಿಲ್ಲ.

ಅದನ್ನು ಎತ್ತಿ ನಿಲ್ಲಿಸಿದ ಕತೆ ತಂಡ ಕಟ್ಟುವವರಿಗೆ ಪಾಠದಂತಿದೆ. ಗೂಗಲ್‌ನಿಂದ ಬಂದ ಮೈಕಿ ಡಿಕರ್ಸನ್ ಮತ್ತು ಜೊತೆಗಾರರು ಮೊದಲು ಹುಡುಕಿದ್ದು ಅಳತೆಯನ್ನು: ಈ ಕ್ಷಣ ಎಷ್ಟು ಜನ ಒಳಗಿದ್ದಾರೆ, ಎಷ್ಟು ಹೊತ್ತು ಹಿಡಿಯುತ್ತಿದೆ, ಎಷ್ಟು ತಪ್ಪು ಬರುತ್ತಿದೆ. ಬೀಳುತ್ತಿರುವ ಜಾಲತಾಣಕ್ಕೆ ಅಂಥದೊಂದು ಫಲಕವೇ ಇರಲಿಲ್ಲ. ದಿನವೂ ನಡೆಯುವ ಸಭೆಗೆ ಅವರು ಹಾಕಿದ ನಿಯಮಗಳೂ ಸರಳ. ಸಭೆ ಇರುವುದು ತೊಂದರೆ ಬಿಡಿಸಲು, ತಪ್ಪು ಯಾರದೆಂದು ಹೊರಿಸಲು ಬೇರೆ ಜಾಗಗಳಿವೆ. ಮಾತಾಡಬೇಕಾದವರು ವಿಷಯ ಹೆಚ್ಚು ಬಲ್ಲವರು, ಹುದ್ದೆಯಲ್ಲಿ ದೊಡ್ಡವರಲ್ಲ. ನಮ್ಮ ಕಚೇರಿಗಳಲ್ಲಿ ಈ ಎರಡನೇ ನಿಯಮ ಜಾರಿಗೆ ತರುವುದು ತಂತ್ರಾಂಶ ಸರಿಪಡಿಸುವುದಕ್ಕಿಂತ ಕಷ್ಟ. ಎರಡು ತಿಂಗಳಲ್ಲಿ ಆ ಜಾಲತಾಣ ಏಕಕಾಲಕ್ಕೆ 50,000 ಜನರನ್ನು ತಾಳುವ ಮಟ್ಟಕ್ಕೆ ಬಂತು.

ಯಾರಿರಬೇಕು, ಯಾರ ಕೈಕೆಳಗೆ

ತಂಡ ದೊಡ್ಡದಿರಬೇಕಿಲ್ಲ. ಡೇಟಾಬೇಸಿನ ಒಳಗುಟ್ಟು ಬಲ್ಲವರೊಬ್ಬರು, ಬೇರೆಯವರು ಬರೆದ ಕೋಡ್ ಓದಿ ಎಲ್ಲಿ ಹೊತ್ತು ಹೋಗುತ್ತಿದೆ ಎಂದು ಪತ್ತೆ ಹಚ್ಚುವವರೊಬ್ಬರು, ಸರ್ವರ್ ಮತ್ತು ನೆಟ್‌ವರ್ಕ್ ಲೆಕ್ಕ ತಿಳಿದವರೊಬ್ಬರು, ಲೋಡ್ ಟೆಸ್ಟ್ ಬರೆಯುವವರು ಒಬ್ಬಿಬ್ಬರು. ಹಲವು ಸಂಸ್ಥೆಗಳು ಕೊನೆಯವರನ್ನಷ್ಟೇ ನೇಮಿಸಿಕೊಂಡು ಪರ್ಫಾರ್ಮೆನ್ಸ್ ಟೀಮ್ ಕಟ್ಟಿದೆವು ಎನ್ನುತ್ತವೆ. ಅವರು ಲೋಡ್ ಟೆಸ್ಟ್‌ನ ಉಪಕರಣವಾದ ಜೆಮೀಟರ್ ಓಡಿಸುತ್ತಾರೆ, ಐವತ್ತು ಪುಟದ ವರದಿ ಕೊಡುತ್ತಾರೆ, ‘ನಿಧಾನ ಇದೆ’ ಎನ್ನುತ್ತಾರೆ. ಏಕೆ ನಿಧಾನ ಎಂದು ಹೇಳುವವರಿಲ್ಲದೆ ವರದಿ ಅಲ್ಲೇ ಕೂರುತ್ತದೆ.

ಜಗಳ ಇರುವುದು ಈ ತಂಡವನ್ನು ಎಲ್ಲಿಡಬೇಕು ಎಂಬುದರಲ್ಲಿ. ಒಂದು ಪಕ್ಷ ಹೇಳುತ್ತದೆ: ಎಲ್ಲರನ್ನೂ ಒಂದೇ ಕಡೆ ಕೂರಿಸಿ, ಪರಿಣತಿ ಒಗ್ಗೂಡುತ್ತದೆ, ಒಂದು ಯೋಜನೆಯಲ್ಲಿ ಕಲಿತದ್ದು ಇನ್ನೊಂದಕ್ಕೆ ಆಗುತ್ತದೆ. ತೊಂದರೆ ಏನೆಂದರೆ ವರ್ಷದೊಳಗೆ ಎಲ್ಲ ಯೋಜನೆಗಳೂ ಅವರ ಬಾಗಿಲಲ್ಲಿ ಸಾಲು ನಿಲ್ಲುತ್ತವೆ. ಸಾಲು ಕರಗಿಸಬೇಕಾದ ತಂಡವೇ ಒಂಟಿ ಕಾವಲಿಯಾಗುತ್ತದೆ. ಇನ್ನೊಂದು ಪಕ್ಷ: ಒಬ್ಬೊಬ್ಬರನ್ನು ಒಂದೊಂದು ಡೆವಲಪರ್ ತಂಡದೊಳಗೆ ಸೇರಿಸಿ, ಕೋಡ್ ಬರೆಯುವಾಗಲೇ ತಪ್ಪು ಸಿಗುತ್ತದೆ. ಇದರಲ್ಲಿ ಡೆಡ್‌ಲೈನ್ ಎಲ್ಲವನ್ನೂ ನುಂಗುತ್ತದೆ. ಆರು ತಿಂಗಳಲ್ಲಿ ಆ ಪರಿಣತನೂ ಹೊಸ ಸ್ಕ್ರೀನ್ ಬರೆಯುತ್ತಾ ಕೂತಿರುತ್ತಾನೆ.

ನಡುವಿನ ದಾರಿಯೇ ಮೇಲು ಎಂದು ತೋರುತ್ತದೆ. ಉಪಕರಣ, ಅಳತೆಯ ಫಲಕ, ಮಾನದಂಡಗಳನ್ನು ಮೂರು ನಾಲ್ಕು ಜನರ ತಿರುಳು ತಂಡ ಇಟ್ಟುಕೊಳ್ಳಲಿ. ಪ್ರತಿ ರಿಲೀಸ್‌ಗೂ ಮಾಡುವ ಮೊದಲ ಲೋಡ್ ಟೆಸ್ಟನ್ನು ಕೋಡ್ ಬರೆದವರೇ ಬರೆಯಲಿ. ಬಿಡಿಸಲಾಗದ ಗಂಟು ಮಾತ್ರ ತಿರುಳು ತಂಡಕ್ಕೆ ಬರಲಿ. ಇಪ್ಪತ್ತು ಮೂವತ್ತು ಡೆವಲಪರ್‌ಗಳಿರುವ ಸಂಸ್ಥೆಗೆ ಇಷ್ಟೂ ಬೇಡ. ಅಧಿಕಾರ ಇರುವ ಒಬ್ಬರು ಸಾಕು.

ಅಧಿಕಾರ ಎಂದೆ. ತಂತ್ರಾಂಶ ಜನರ ಬಳಕೆಗೆ ತೆರೆಯುವ ‘ಗೋ ಲೈವ್’ ದಿನ ತಪ್ಪಿದರೆ ತಲೆದಂಡ ತೆರಬೇಕಾದ ಪ್ರಾಜೆಕ್ಟ್ ಮ್ಯಾನೇಜರ್ ಕೈಕೆಳಗೆ ‘ಇದು ತಾಳುವುದಿಲ್ಲ’ ಎಂದು ಹೇಳಬೇಕಾದವರನ್ನು ಇಟ್ಟರೆ ಆ ಮಾತು ಮೇಲಕ್ಕೆ ಹೋಗುವುದಿಲ್ಲ. ಹಾಗೆಂದು ಬೇಡ ಎನ್ನುವ ಹಕ್ಕನ್ನಷ್ಟೇ ಕೊಟ್ಟರೆ ಅವರು ಪೊಲೀಸರಾಗುತ್ತಾರೆ, ಜನ ಅವರಿಂದ ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಾರೆ. ‘ಇಷ್ಟು ಭಾರಕ್ಕೆ ಇಂಥ ಕಡೆ ಕಟ್ಟಿಕೊಳ್ಳುತ್ತದೆ’ ಎಂದು ಅವರು ಬರೆದು ಕೊಡಲಿ, ಆದರೂ ಬಿಡುಗಡೆ ಮಾಡುವುದಿದ್ದರೆ ಮೇಲಧಿಕಾರಿ ಸಹಿ ಹಾಕಿ ಮಾಡಲಿ. ಸಹಿ ಹಾಕಬೇಕಾದಾಗ ಜನ ವರದಿ ಓದುತ್ತಾರೆ.

ಟೆಂಡರ್‌ನ ಒಂದು ಸಾಲು

ಸರ್ಕಾರಿ, ಸಹಕಾರಿ ಸಂಸ್ಥೆಗಳು ತಂತ್ರಾಂಶ ಬರೆಯುವುದಿಲ್ಲ, ಬರೆಸುತ್ತವೆ. ಹಾಗಾಗಿ ಅವುಗಳ ವೇಗ ತೀರ್ಮಾನವಾಗುವುದು ಟೆಂಡರ್‌ನಲ್ಲಿ. ‘ತಂತ್ರಾಂಶವು ವೇಗವಾಗಿ ಕಾರ್ಯನಿರ್ವಹಿಸತಕ್ಕದ್ದು’ ಎಂಬ ಸಾಲಿಗೆ ಬೆಲೆಯಿಲ್ಲ. ‘ನಿಮಿಷಕ್ಕೆ ಇಷ್ಟು ಬುಕಿಂಗ್ ಬರುವಾಗ, 100ರಲ್ಲಿ 95 ಬುಕಿಂಗ್ 2 ಸೆಕೆಂಡಿನೊಳಗೆ ಮುಗಿಯಬೇಕು, ಎರಡು ಗಂಟೆ ಸತತ ಪರೀಕ್ಷೆಯಲ್ಲಿ ಇದನ್ನು ತೋರಿಸಿದ ಮೇಲೆ ಕೊನೆಯ ಕಂತು’ ಎಂದು ಬರೆದರೆ ಮಾತು ಬೇರೆ. ಪರೀಕ್ಷೆಯ ಡೇಟಾ ಎಷ್ಟಿರಬೇಕು ಎಂದೂ ಬರೆಯಬೇಕು. ಸಾವಿರ ದಾಖಲೆ ತುಂಬಿದ ಡೇಟಾಬೇಸ್‌ನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಬರುವ ಉತ್ತರ ಐವತ್ತು ಲಕ್ಷ ದಾಖಲೆ ತುಂಬಿದಾಗ ಬರುವುದಿಲ್ಲ. ಹಾಗಾಗಲು ಇಂಡೆಕ್ಸ್, ಅಂದರೆ ದಾಖಲೆ ಬೇಗ ಹುಡುಕಿಕೊಡುವ ಸೂಚಿ, ಇಲ್ಲದ ಒಂದು ಟೇಬಲ್ ಸಾಕು.

ಈ ಸಾಲು ಬರೆಯಲು ಬರುವವರು ಸಂಸ್ಥೆಯೊಳಗೆ ಇರಬೇಕು. ತಂತ್ರಾಂಶ ಬರೆದುಕೊಡುವ ಕಂಪನಿಯೇ ಪರೀಕ್ಷೆಯನ್ನೂ ಬರೆದರೆ ಪಾಸಾಗದೆ ಇನ್ನೇನು.

ಹಂಚಿಕೊಡುವುದು ಸೋಲೇ?

ಮಿತಿ ಹಾಕುವುದು ಅಸಮರ್ಥತೆಯ ಲಕ್ಷಣ ಎನ್ನುವವರಿದ್ದಾರೆ. ತತ್ಕಾಲ್‌ನಲ್ಲಿ ಬುಕಿಂಗ್ ತೆರೆದ ಮೊದಲ ನಿಮಿಷಗಳಲ್ಲಿ ಮನುಷ್ಯರ ಜೊತೆಗೆ ಬಾಟ್‌ಗಳೂ, ಅಂದರೆ ತಾವಾಗಿಯೇ ಬುಕ್ ಮಾಡುವ ತಂತ್ರಾಂಶಗಳೂ, ನುಗ್ಗುತ್ತಿದ್ದವು. ಅವುಗಳಿಗಾಗಿ ಸರ್ವರ್ ಹೆಚ್ಚಿಸುವುದೆಂದರೆ ದಲ್ಲಾಳಿಗೆ ರಸ್ತೆ ಅಗಲ ಮಾಡಿಕೊಟ್ಟಂತೆ. ಅಲ್ಲಿ ತಡೆಯೇ ಸರಿಯಾದ ಎಂಜಿನಿಯರಿಂಗ್. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಫಲಾನುಭವಿಗೆ ದಿನ, ಹೊತ್ತು, ಕೇಂದ್ರವನ್ನು ಎಸ್‌ಎಂಎಸ್‌ನಲ್ಲಿ ತಿಳಿಸುವ ಕ್ರಮ ಇಟ್ಟದ್ದೂ ಇದೇ ಲೆಕ್ಕದಲ್ಲಿ. ಹಿಂದಿನ ತಿಂಗಳು ಗೃಹಜ್ಯೋತಿಗೆ ಜನ ಒಟ್ಟಿಗೇ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ಗೆ ಮುಗಿಬಿದ್ದದ್ದನ್ನು ನಾಡೇ ಕಂಡಿತ್ತು.

ಆದರೆ ಬೀಗದ ತಪ್ಪನ್ನು ಮುಚ್ಚಲು ಮಿತಿ ಹಾಕುವುದೂ ಉಂಟು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಗಿರಿಯ 600 ರಸ್ತೆಯ ಮಿತಿ, ಅದು ಕೋಡ್ ಬದಲಿಸಿದರೆ ಹೆಚ್ಚುವುದಿಲ್ಲ. ಬೇರೆ ಯಾವುದಾದರೂ ಪೋರ್ಟಲ್ ‘ದಿನಕ್ಕೆ ಇಷ್ಟೇ ಅರ್ಜಿ’ ಎಂದರೆ ಆ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಬಹುದು. ಅಳೆದವರಿದ್ದರೆ ಉತ್ತರ ಇರುತ್ತದೆ.

ಏನೂ ಆಗದ ದಿನದ ಸಂಬಳ

ಇಂಥ ತಂಡಗಳು ಸಾಯುವುದು ಸೋತಾಗ ಅಲ್ಲ, ಗೆದ್ದಾಗ. ಎರಡು ವರ್ಷ ಏನೂ ಬೀಳದಿದ್ದರೆ ‘ಇವರು ಮಾಡುವುದೇನು?’ ಎಂಬ ಪ್ರಶ್ನೆ ಬಜೆಟ್ ಸಭೆಯಲ್ಲಿ ಏಳುತ್ತದೆ. ಹಾಸನದಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ. ಹಗಲಿರುಳು ಪಾಳಿಯ ಮೇಲೆ ಉಪಗ್ರಹಗಳ ಆರೋಗ್ಯ ನೋಡುತ್ತಾರೆ; ಬಹುಪಾಲು ದಿನ ಪರದೆಯ ಮೇಲಿನ ಗೆರೆಗಳು ಇರಬೇಕಾದಲ್ಲೇ ಇರುತ್ತವೆ. ಅವರ ಸಂಬಳ ದಂಡ ಎಂದು ಊರಲ್ಲಿ ಯಾರೂ ಹೇಳಿದ್ದು ಕೇಳಿಲ್ಲ. ತಂತ್ರಾಂಶಕ್ಕೆ ಆ ಗೌರವ ಇನ್ನೂ ದಕ್ಕಿಲ್ಲ, ಅದಕ್ಕೆ ತಂಡವೇ ಲೆಕ್ಕ ಇಟ್ಟುಕೊಳ್ಳಬೇಕು. ಕ್ಲೌಡ್ ಬಿಲ್ ಎಷ್ಟು ಇಳಿಯಿತು, ಬಿಡುಗಡೆಗೆ ಮೊದಲೇ ಎಷ್ಟು ಗಂಟು ಬಿಚ್ಚಿದೆವು, ಇದೇ ಯಂತ್ರಗಳು ಕಳೆದ ವರ್ಷಕ್ಕಿಂತ ಎಷ್ಟು ಹೆಚ್ಚು ಭಾರ ತಾಳುತ್ತಿವೆ, ಈ ಮೂರು ಸಾಕು. ಹುಡುಕಿದ ದೋಷಗಳ ಸಂಖ್ಯೆಯಿಂದ ಅವರನ್ನು ಅಳೆದರೆ ಸಣ್ಣಪುಟ್ಟದ್ದನ್ನೆಲ್ಲ ಹೆಕ್ಕಿ ತಂದು ರಾಶಿ ಹಾಕುತ್ತಾರೆ.

ಇಲ್ಲಿಗೆ ಬರುವ ಭಾರ

ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ತರುವ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಲಾಭ ಬಹಳ. ಜೊತೆಗೆ ಒಂದು ಪರಿಣಾಮವೂ ಇದೆ: ಮೊದಲು ಒಂದು ಸಂಘದ ಕಂಪ್ಯೂಟರ್ ಕೆಟ್ಟರೆ ಆ ಊರಿಗಷ್ಟೇ ತೊಂದರೆ. ಎಲ್ಲರೂ ಒಂದೇ ಘಾಟಿ ಹತ್ತುವಾಗ ಮಾರ್ಚ್ ಕೊನೆಯ ವಾರ, ಸಾಲ ನವೀಕರಣದ ದಿನಗಳಲ್ಲಿ ಬೇಲೂರು, ಮೂಡಿಗೆರೆ, ಅರಕಲಗೂಡಿನ ಕೌಂಟರ್‌ಗಳು ಒಟ್ಟಿಗೇ ನಿಲ್ಲಬಹುದು. ಅಲ್ಲಿನ ಕಾರ್ಯದರ್ಶಿ ‘ಸರ್ವರ್ ಇಲ್ಲ, ನಾಳೆ ಬನ್ನಿ ಗೌಡ್ರೇ’ ಎನ್ನದೆ ಬೇರೇನೂ ಮಾಡಲಾರ.

ಹಾಸನದ ಕೈಯಲ್ಲೇ ಇರುವ ಪರೀಕ್ಷೆ ಬೇರೆ. ಹಾಸನಾಂಬೆಯ ಗರ್ಭಗುಡಿ ಬಾಗಿಲು ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ತೆರೆಯುತ್ತದೆ, ಬಲಿಪಾಡ್ಯಮಿಯ ಮರುದಿನ ಮುಚ್ಚುತ್ತದೆ. 300, 1000 ರೂಪಾಯಿಯ ವಿಶೇಷ ದರ್ಶನ ಟಿಕೆಟ್‌ಗಳ ಭಾರ ಯಾವ ದಿನಗಳಲ್ಲಿ ಏರುತ್ತದೆ ಎಂಬುದನ್ನು ವರ್ಷ ಮೊದಲೇ ಪಂಚಾಂಗ ನೋಡಿ ಹೇಳಬಹುದು. ಇಷ್ಟು ಸ್ಪಷ್ಟ ಮುನ್ಸೂಚನೆ ದೊಡ್ಡ ಕಂಪನಿಗಳಿಗೂ ಸಿಗುವುದಿಲ್ಲ. ಹಿಂದಕ್ಕೆ ಎಣಿಸಿದರೆ, ಪೂರ್ತಿ ಭಾರದ ಕೊನೆಯ ಪರೀಕ್ಷೆ ಗಣೇಶನ ಹಬ್ಬದ ಹೊತ್ತಿಗೆ ಆಗಬೇಕು. ಅದರಲ್ಲಿ ಸಿಕ್ಕ ದೋಷ ತಿದ್ದಲು ಒಂದು ತಿಂಗಳಾದರೂ ಬೇಕಲ್ಲ. ಮೊದಲ ಪರೀಕ್ಷೆ ಆಷಾಢದೊಳಗೆ. ನಿಮಿಷಕ್ಕೆ ಎಷ್ಟು ಟಿಕೆಟ್, ಎಷ್ಟು ಸೆಕೆಂಡಿನೊಳಗೆ ಎಂಬ ಆ ಒಂದು ಸಾಲನ್ನು ಟೆಂಡರ್‌ಗೆ ಸೇರಿಸುವ ಕೆಲಸ ಯುಗಾದಿ ಆಸುಪಾಸಿಗೇ ಮುಗಿದಿರಬೇಕು.